ಭಾನುವಾರ ಜಾತಕ ತೋರ್ಸೋಕೆ ಹೋಗೋ ಮುಂಚೆ ಇದನ್ನ ಓದ್ಕೋ ಪುಟ್ಟಿ

ಪುಟ್ಟೀ, ನಿನ್ನೆ ರಾತ್ರಿ ನೀನು ಗ್ರೂಪಲ್ಲಿ ಹಾಕಿದ್ದು ಈಗ ನೋಡ್ದೆ, ಭಾನುವಾರ ಮೊದಲ್ನೇ ಸಲ ಜಾತಕ ತೋರ್ಸೋಕೆ ಹೋಗ್ತಿದೀನಿ, ಜ್ಯೋತಿಷಿಗಳು ಅರ್ಧ ಗಂಟೆ ಟೈಮ್ ಕೊಟ್ಟಿದಾರೆ, ಕೆಲ್ಸ ಬದಲಾಯಿಸೋ ವಿಚಾರ, ಏನೇನು ಕೇಳ್ಬೇಕು ಅಂತ. ಅದಕ್ಕೆ ನಿಮ್ಮ ಮಾವ "ನೀನೇನೂ ಕೇಳ್ಬೇಡ, ಸುಮ್ನೆ ಹೋಗಿ ಕೂತ್ಕೋ, ಎಲ್ಲಾ ಅವ್ರೇ ಹೇಳ್ತಾರೆ" ಅಂತ ಹಾಕಿದಾರೆ. ಅಣ್ಣಾ ಬೇಜಾರ್ ಮಾಡ್ಕೋಬೇಡ, ಆದ್ರೆ ನಾನು ಹಾಗೇ ಸುಮ್ನೆ ಹೋಗಿ ಕೂತು ಎಷ್ಟೋ ಸಲ ಬರಿಗೈಲಿ ಎದ್ ಬಂದೋಳು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಹುಟ್ಟಿದ್ ಟೈಮ್. ಇದನ್ನ ಮಾತ್ರ ಅಂದಾಜಲ್ಲಿ ತಗೊಂಡ್ ಹೋಗ್ಬೇಡ ಕಣೇ. ಲಗ್ನ, ಅಂದ್ರೆ ಹುಟ್ಟಿದ್ ಹೊತ್ತಲ್ಲಿ ಪೂರ್ವದಲ್ಲಿ ಉದಯಿಸ್ತಿರೋ ರಾಶಿ, ಸುಮಾರು 2 ಗಂಟೆಗೊಂದ್ಸಲ ಬದಲಾಗುತ್ತೆ, ಒಂದೊಂದು ರಾಶೀನೂ 9 ಭಾಗ ಮಾಡಿ ನೋಡೋ ನವಾಂಶದ ಲಗ್ನ ಅಂತೂ 13 ನಿಮಿಷಕ್ಕೇ ಜಾರ್ಕೊಂಡ್ ಹೋಗುತ್ತೆ, "ಸಾಯಂಕಾಲ ದೀಪ ಹಚ್ಚೋ ಹೊತ್ತಲ್ಲಿ ಹುಟ್ಟಿದ್ದು" ಅಂತ ಹೇಳಿದ್ರೆ ಅವ್ರಾದ್ರೂ ಏನ್ ಮಾಡ್ತಾರೆ ಪಾಪ. ನನ್ನದೇ ನೋಡು. ನಿಮ್ಮಜ್ಜಿ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಪೆನ್ಸಿಲಲ್ಲಿ ಬರ್ದಿಟ್ಟಿದ್ದು "ಶನಿವಾರ ರಾತ್ರಿ 2 ಗಂಟೆ" ಅಂತ, ಅಷ್ಟೇ. ಪಂಚಾಂಗದ ಲೆಕ್ಕದಲ್ಲಿ ದಿನ ಅಂದ್ರೆ ಸೂರ್ಯೋದಯದಿಂದ ಸೂರ್ಯೋದಯ, ಹಾಗಾಗಿ ಶನಿವಾರ ರಾತ್ರಿ 2 ಅಂದ್ರೆ ಕ್ಯಾಲೆಂಡರಲ್ಲಿ ಆಗ್ಲೇ ಭಾನುವಾರದ ತಾರೀಖು ಬಂದಿರುತ್ತೆ. ಜಾತಕ ಬರ್ಸಿದೋರು ಶನಿವಾರದ ತಾರೀಖೇ ಹಾಕಿ ಬೆಳಗಿನ ಜಾವ 2 ಅಂತ ಕೊಟ್ಬಿಟ್ಟಿದ್ರು, ಪೂರ್ತಿ ಒಂದು ದಿನ ಹಿಂದಕ್ಕೆ ಹೋಯ್ತು. ಲಗ್ನ ಹೆಚ್ಚುಕಮ್ಮಿ ಅದೇ ಬರೋದ್ರಿಂದ ಯಾರಿಗೂ ಅನುಮಾನ ಬರ್ಲಿಲ್ಲ, ಆದ್ರೆ ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ, ಅಂದ್ರೆ ಒಂದು ನಕ್ಷತ್ರದಷ್ಟು ದೂರ ನಡೀತಾನಲ್ಲ, ನಾನು ರೋಹಿಣಿ ಅಂದ್ಕೊಂಡಿದ್ದು ನಿಜವಾಗಿ ಮೃಗಶಿರದ 3ನೇ ಪಾದ (ನಕ್ಷತ್ರದ ನಾಲ್ಕು ಭಾಗದಲ್ಲಿ ಮೂರನೇದು), ವೃಷಭ ರಾಶಿ ಅಂದ್ಕೊಂಡಿದ್ದು ಮಿಥುನ. ದಶೆ, ಅಂದ್ರೆ ಒಂದೊಂದು ಗ್ರಹಕ್ಕೆ ಇಷ್ಟಿಷ್ಟು ವರ್ಷ ಅಂತ ಇರೋ ಕಾಲ, ಅದರ ಲೆಕ್ಕ ಶುರುವಾಗೋದೇ ಜನ್ಮ ನಕ್ಷತ್ರದಿಂದ, ರೋಹಿಣಿಗೆ ಮೊದಲು ಚಂದ್ರ ದಶೆ, ಮೃಗಶಿರಕ್ಕೆ ಕುಜ ದಶೆ. ನಂಗೆ 40 ವರ್ಷ ಆದಾಗ "ಗುರು ದಶೆ ನಡೀತಿದೆ, ಇನ್ನೂ 5 ವರ್ಷ ಇದೆ, ಧೈರ್ಯವಾಗಿ ಕೈ ಹಾಕಿ" ಅಂತ ಹೇಳಿದ್ರು, ಸರಿ ಮಾಡಿ ನೋಡಿದ್ರೆ ಗುರು ದಶೆ ಮುಗ್ದು ಶನಿ ದಶೆಗೆ ಬಂದು ಮೂರು ವರ್ಷ ಆಗಿತ್ತು! ಅಷ್ಟು ವರ್ಷ ಯಾರದೋ ಜಾತಕ ಇಟ್ಕೊಂಡ್ ಓಡಾಡಿದಂಗೆ ಆಯ್ತು ನಂಗೆ. ಅದಕ್ಕೇ ಹೇಳ್ತಿದೀನಿ, ಮಧ್ಯರಾತ್ರಿಯಿಂದ ಸೂರ್ಯ ಹುಟ್ಟೋವರೆಗೆ ಹುಟ್ಟಿದೋರು ವಾರ ತಾರೀಖು ಎರಡೂ ತಾಳೆ ಹಾಕಿ ನೋಡ್ಲೇಬೇಕು. ಗ್ರೂಪಲ್ಲಿ ಹೊರದೇಶದಲ್ಲಿ ಮಕ್ಕಳು ಹುಟ್ಟಿರೋರೂ ಕೇಳಿಸ್ಕೊಳ್ಳಿ, ಕೆಲವು ದೇಶದಲ್ಲಿ ಬೇಸಿಗೆಗೆ ಗಡಿಯಾರ 1 ಗಂಟೆ ಮುಂದಿಡ್ತಾರೆ, ಅದನ್ನ ಹೇಳದೇ ಇದ್ರೆ ಲಗ್ನವೇ ಬೇರೆ ಬಂದ್ಬಿಡ್ಬಹುದು.

ಇನ್ನು ಪ್ರಶ್ನೆ. ನಂಗೆ ಅತಿ ಮುಖ್ಯ ಅನ್ಸೋದು ಇದೇ. "ನಂಗೆ ಒಳ್ಳೇ ಕೆಲ್ಸ ಸಿಗುತ್ತಾ" ಅಂತ ಕೇಳಿದ್ರೆ "ಸಿಗುತ್ತೆ, ಸ್ವಲ್ಪ ತಡ ಆಗುತ್ತೆ" ಅಂತಾರೆ, ಅದನ್ನ ತಗೊಂಡು ನೀನು ಸೋಮವಾರ ಬೆಳಗ್ಗೆ ಏನ್ ಮಾಡ್ತೀಯ? ಇವತ್ತು ರಾತ್ರಿ ಒಂದು ಹಾಳೆ ತಗೊಂಡು ನಿಂಗೆ ನಿಜವಾಗ್ಲೂ ನಿದ್ದೆ ಕೆಡ್ಸಿರೋದು ಏನು ಅಂತ ಬರಿ. ಈಗಿರೋ ಕೆಲ್ಸ ಬೇಡ್ವಾ, ಮೇಲಿರೋ ಆ ವ್ಯಕ್ತಿ ಬೇಡ್ವಾ, ದೂರ ಹೋದ್ರೆ ಅಮ್ಮ ಒಬ್ಳೇ ಆಗ್ತಾಳೆ ಅನ್ನೋ ಭಯಾನಾ. ನಾನು ಒಂದ್ಸಲ ಹೀಗೆ ಬರೀತಾ ಕೂತು ನಾಲ್ಕು ಸಲ ಹೊಡ್ದು ಹಾಕಿ ಐದನೇ ಸಲ ಬರ್ದಿದ್ದು ನೋಡಿ ನಂಗೇ ಕಣ್ಣಲ್ಲಿ ನೀರು ಬಂತು, ದುಡ್ಡಿನ ವಿಚಾರ ಕೇಳ್ಬೇಕು ಅಂದ್ಕೊಂಡೋಳು, ಹಾಳೆ ಮೇಲೆ ಬಂದಿದ್ದು ನಿಮ್ಮ ಚಿಕ್ಕಪ್ಪನ ಆರೋಗ್ಯದ ವಿಚಾರ. ಆಮೇಲೆ ಅದನ್ನ ತಗೊಂಡು ಮೊದಲು ಡಾಕ್ಟರ್ ಹತ್ರ ಹೋದ್ವಿ, ಆರೋಗ್ಯಕ್ಕೆ ಯಾವತ್ತೂ ಮೊದಲು ಅಲ್ಲಿಗೇ ಹೋಗ್ಬೇಕು. ನಿನ್ನ ವಿಚಾರಕ್ಕಾದ್ರೆ ಹೀಗೆ ಕೇಳು, ಈಗ ಯಾವ ದಶೆ, ಅದ್ರೊಳಗೆ ಯಾವ ಭುಕ್ತಿ (ದಶೆಯ ಒಳಗಿನ ಸಣ್ಣ ಅವಧಿ), ಅದು ಯಾವಾಗ ಮುಗಿಯುತ್ತೆ, ಕೆಲ್ಸದ ವಿಚಾರ ಹೇಳೋ ಹತ್ತನೇ ಮನೆ ಅಧಿಪತಿ ಗ್ರಹ ಎಲ್ಲಿದಾನೆ, ಈ ಬದಲಾವಣೆಗೆ ಮುಂದಿನ ಒಂದು ವರ್ಷದಲ್ಲಿ ಯಾವ ಸಮಯ ಹಗುರ ಯಾವ ಸಮಯ ಭಾರ. ಒಂದೆರಡೇ ವಿಚಾರ ಇಟ್ಕೋ, ಅರ್ಧ ಗಂಟೇಲಿ ಮದುವೆ, ಮನೆ, ವಿದೇಶ ಎಲ್ಲಾ ತುರುಕಿದ್ರೆ ಯಾವುದೂ ಆಳಕ್ಕೆ ಹೋಗಲ್ಲ.

ಹೋದ ತಕ್ಷಣ ಭವಿಷ್ಯ ಕೇಳ್ಬೇಡ, ಹಿಂದಿನದು ಕೇಳು. ಹಿಂದಿನ ಭುಕ್ತಿಗಳಲ್ಲಿ ಏನೇನ್ ಆಗಿರ್ಬಹುದು ಅಂತ ಅವ್ರು ಹೇಳ್ಲಿ, ನೀನು ಮುಖ ಹಿಗ್ಗಿಸ್ದೆ ಕುಗ್ಗಿಸ್ದೆ ಕೂತ್ಕೋ. ನಾನು ಮೊದಲ ಹತ್ತೇ ನಿಮಿಷದಲ್ಲಿ ನನ್ನ ಕಷ್ಟವೆಲ್ಲಾ ಹೇಳ್ಕೊಂಡು ಅತ್ತು, ಆಮೇಲೆ ಅದನ್ನೇ ಅವ್ರು ಗ್ರಹದ ಹೆಸರು ಸೇರ್ಸಿ ವಾಪಸ್ ಹೇಳಿದಾಗ "ಎಷ್ಟು ಸರಿಯಾಗಿ ಹೇಳಿದ್ರು" ಅಂತ ಮನೇಲೆಲ್ಲಾ ಹೇಳ್ಕೊಂಡ್ ಬಂದೆ. ಅಮೆರಿಕದಲ್ಲಿ 1948ರಲ್ಲಿ ಬರ್ಟ್ರಮ್ ಫೋರರ್ ಅಂತ ಸೈಕಾಲಜಿ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ ಒಂದು ಟೆಸ್ಟ್ ಕೊಟ್ಟು, ಆಮೇಲೆ "ಇದು ನಿನ್ನ ಸ್ವಭಾವ" ಅಂತ ಎಲ್ರಿಗೂ ಒಂದೇ ಬರಹ ಕೊಟ್ರಂತೆ, ಆ ವಾಕ್ಯಗಳನ್ನ ತೆಗ್ದಿದ್ದೂ ಒಂದು ಜ್ಯೋತಿಷ್ಯದ ಪುಸ್ತಕದಿಂದ್ಲೇ, ಆ ಹುಡುಗ್ರು ಅದಕ್ಕೆ 5ಕ್ಕೆ ಸರಾಸರಿ 4.26 ಕೊಟ್ರು, ನನ್ನ ಬಗ್ಗೆನೇ ಬರ್ದಂಗಿದೆ ಅಂತ! ಹಾಗಾಗಿ "ನೀವು ಹೊರಗೆ ಗಟ್ಟಿ ಒಳಗೆ ಮೃದು" ಅನ್ನೋ ಮಾತು ಬಂದ್ರೆ ಮನಸ್ಸಲ್ಲೇ ಕೇಳ್ಕೋ, ಇದು ನನ್ನ ಅಕ್ಕಪಕ್ಕ ಕೂತಿರೋರಿಗೂ ಒಪ್ಪಲ್ವಾ ಅಂತ. ಒಪ್ಪುತ್ತೆ ಅಂದ್ರೆ ಪಕ್ಕಕ್ಕಿಡು. ಯಾವ ಗ್ರಹ, ಯಾವ ಭಾವ (ಜಾತಕದ ಮನೆ) ನೋಡಿ ಇದನ್ನ ಹೇಳಿದ್ರಿ ಅಂತ ವಿನಯವಾಗಿ ಕೇಳು, ಚೆನ್ನಾಗಿ ಓದ್ಕೊಂಡಿರೋರು ಖುಷಿಯಾಗಿ ತೋರಿಸ್ತಾರೆ, ಹಾಳೆ ನಿನ್ ಕಡೆ ತಿರುಗ್ಸಿ ಬೆರಳಿಟ್ಟು ಹೇಳ್ತಾರೆ. ಯಾವ ಅಯನಾಂಶ ಅಂತಾನೂ ಕೇಳಿ ಬರ್ಕೋ, ಅಂದ್ರೆ ಗ್ರಹದ ಜಾಗ ಲೆಕ್ಕ ಹಾಕುವಾಗ ಎಷ್ಟು ಡಿಗ್ರಿ ಕಳೀತಾರೆ ಅನ್ನೋದು, ಅದಕ್ಕೆ ಬೇರೆ ಬೇರೆ ಪದ್ಧತಿ ಇವೆ. ಲಾಹಿರಿಗೂ ರಾಮನ್ ಅಯನಾಂಶಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ, ಅಷ್ಟಕ್ಕೇ ದಶೆ ಶುರುವಾಗೋ ದಿನ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಕ್ಕಿಂತ ಜಾಸ್ತೀನೂ ಹಿಂದೆ ಮುಂದೆ ಆಗುತ್ತೆ, ಇನ್ನೊಬ್ರ ಹತ್ರ ಹೋದಾಗ ಬೇರೆ ದಿನ ಹೇಳಿದ್ರೆ ಗಾಬರಿ ಆಗ್ಬಾರ್ದು ಅಂತ.

ಸಾಡೇಸಾತಿ ಅಂದ್ರೆ ಹೆದರ್ಬೇಡ. ಶನಿ ಒಂದು ರಾಶೀಲಿ ಸುಮಾರು ಎರಡೂವರೆ ವರ್ಷ ಇರ್ತಾನೆ, ಜನ್ಮರಾಶಿ, ಹಿಂದಿನದು ಮುಂದಿನದು ಸೇರಿ ಏಳೂವರೆ ವರ್ಷ, ಸುಮಾರು 30 ವರ್ಷಕ್ಕೊಂದ್ಸಲ ಎಲ್ರಿಗೂ ಬರೋದೇ. ಈ ಏಳೂವರೆ ವರ್ಷದಲ್ಲೇ ಓದು ಮುಗ್ಸಿದೋರು, ಮದುವೆ ಆದೋರು, ಮನೆ ಕಟ್ಟಿದೋರು ಎಷ್ಟು ಜನ ಇಲ್ಲ. ಭಯ ಹುಟ್ಸಿ ಅಲ್ಲೇ ದೊಡ್ಡ ಪರಿಹಾರ, ಈಗ್ಲೇ ದುಡ್ಡು ಕಟ್ಟಿ ಅಂದ್ರೆ "ಮನೇಲಿ ಕೇಳಿ ಹೇಳ್ತೀನಿ" ಅಂತ ಎದ್ದು ಬಾ. ಇದೊಂದು ಮಾತು ನಂಗಾಗಿ ನಡ್ಸಿಕೊಡು.

ಅವ್ರನ್ನ ಕೇಳಿ ಮಾತೆಲ್ಲಾ ರೆಕಾರ್ಡ್ ಮಾಡ್ಕೋ, ಬೇಡ ಅಂದ್ರೆ ಬರ್ಕೋ. ಮನೆಗೆ ಬರ್ತಾ ದಾರೀಲೇ ಅರ್ಧ ಮರ್ತು ಹೋಗುತ್ತೆ, ನೆನಪಲ್ಲಿ ಉಳಿಯೋದು ನಾವು ಹೆದರಿದ್ದು ಅಥವಾ ಆಸೆ ಪಟ್ಟಿದ್ದು ಮಾತ್ರ. ಆ ಹಾಳೇನ ಒಂದು ವಾರ ಮುಟ್ಟದೆ ಇಟ್ಟು ಆಮೇಲೆ ತೆಗ್ದು ಓದು, ಅಲ್ಲೀವರೆಗೂ ರಾಜೀನಾಮೆ ಗೀಜೀನಾಮೆ ಏನೂ ಕೊಡ್ಬೇಡ. ಕೆಲ್ಸ ಬಿಡೋದು ಇರೋದು ನೀನು ತಗೋಬೇಕಾದ ತೀರ್ಮಾನ ಪುಟ್ಟಿ, ಅವ್ರು ಬೇಕಾದ್ರೆ ಕಾಲ ಹೇಳ್ಬಹುದು.

ಅಕ್ಕಾ, ಪುಟ್ಟಿ ಹುಟ್ಟಿದಾಗ ಆಸ್ಪತ್ರೇಲಿ ಕೊಟ್ಟಿದ್ ಚೀಟಿ ನಿನ್ ಬೀರುವಲ್ಲಿ ಸೀರೆ ಕೆಳಗೆ ಇಟ್ಟಿದ್ದೆ ಅಲ್ವಾ, ಅದ್ರಲ್ಲಿ ಟೈಮ್ ನಿಮಿಷದ ಸಮೇತ ಇತ್ತು ಅಂತ ನೆನಪು, ಇವತ್ತೇ ಹುಡುಕಿ ಫೋಟೋ ತೆಗ್ದು ಅವಳಿಗೆ ಕಳ್ಸು. ಪುಟ್ಟಿ, ಪ್ರಶ್ನೆ ಬರ್ದಾದ್ಮೇಲೆ ಗ್ರೂಪಲ್ಲಿ ಹಾಕೋಕೆ ಮುಜುಗರ ಆದ್ರೆ ನಂಗೊಬ್ಳಿಗೇ ಕಳ್ಸು, ಶನಿವಾರ ರಾತ್ರಿ ಫೋನ್ ಮಾಡ್ತೀನಿ, ಕೂತು ನೋಡೋಣ.