ಕೊರೋನಾದಂಥ ಕಾಲದಲ್ಲಿ ನೆರವು: ದಿನಸಿ ಕಿಟ್ ಕೊಡೋದಾ, ಖಾತೆಗೆ ದುಡ್ಡು ಹಾಕೋದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆ ನಮ್ಮದೊಂದು ಸಣ್ಣ ಹಳೇ ವಿದ್ಯಾರ್ಥಿಗಳ ಸಂಘ ಇದೆ. ಆಪತ್ತಿಗೆ ಅಂತ ಒಂದು ನಿಧಿ ಇಡೋಣ, ಮತ್ತೆ ಕೊರೋನಾದಂಥದ್ದು ಬಂದಾಗ ರಸೀದಿ ಪುಸ್ತಕ ಹಿಡಿದು ಮನೆಮನೆ ಅಲೆಯೋದು ಬೇಡ ಅಂತ ಮಾತಾಯಿತು. ಇಲ್ಲಿವರೆಗೆ ಎಲ್ಲರೂ ಒಪ್ಪಿದರು. ಮುಂದಕ್ಕೆ ಜಗಳ. ಅರ್ಧ ಜನ ದಿನಸಿ ಕಿಟ್ಟೇ ಕೊಡಬೇಕು ಅನ್ನುತ್ತಾರೆ, ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡುತ್ತಾರಂತೆ. ಇನ್ನರ್ಧ ಜನ ಖಾತೆಗೆ ಹಾಕಿ ಕೈ ತೊಳೆದುಕೊಳ್ಳೋಣ ಅನ್ನುತ್ತಾರೆ. ಸಾಲದ್ದಕ್ಕೆ ಹಿರಿಯರೊಬ್ಬರು ಓಡಾಟ, ಸಂಬಳ, ಡೀಸೆಲ್ಲು ಅಂತ ನಿಧಿಯಿಂದ ಒಂದು ರೂಪಾಯಿನೂ ತೆಗೆಯಬಾರದು ಅಂತ ಬೈಲಾದಲ್ಲೇ ಬರೆಸಲು ಹೊರಟಿದ್ದಾರೆ.

2020ರ ಏಪ್ರಿಲ್ 1ರಂದು ಅಜೀಂ ಪ್ರೇಮ್‌ಜಿ ಫೌಂಡೇಶನ್ 1,000 ಕೋಟಿ, ವಿಪ್ರೋ 100 ಕೋಟಿ, ವಿಪ್ರೋ ಎಂಟರ್‌ಪ್ರೈಸಸ್ 25 ಕೋಟಿ, ಒಟ್ಟು 1,125 ಕೋಟಿ ಘೋಷಣೆ ಮಾಡಿದ್ದು ನಿಮಗೂ ನೆನಪಿರಬಹುದು. ಅಷ್ಟು ದುಡ್ಡನ್ನು ಹಂಚೋದು ಹೇಗೆ? ಅವರೇ ಲಾರಿ ಕಟ್ಟಿಕೊಂಡು ಹೋದರಾ? ನಮ್ಮಂಥ ಚಿಲ್ಲರೆ ಸಂಘ ಅದರಿಂದ ಕಲಿಯುವಂಥದ್ದು ಏನಾದರೂ ಇದೆಯಾ? ಆಗ ಫೀಲ್ಡಲ್ಲಿ ಇದ್ದವರು ದಯವಿಟ್ಟು ಹೇಳಿ.

ಸುರಪುರ ಸೀಮೆಯವ

ಅಣ್ಣ, ನಾನು ಆಗ ಯಾದಗಿರಿ ಜಿಲ್ಲೆಯಲ್ಲಿ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಫೌಂಡೇಶನ್ ಅಲ್ಲ, ಬೇರೆ. ಆ ಘೋಷಣೆಯಲ್ಲಿ ಎಲ್ಲರೂ ಕೋಟಿ ಮಾತ್ರ ನೋಡಿದರು. ಅದರ ಕೆಳಗೇ ಇನ್ನೊಂದು ಮಾತಿತ್ತು. ಈ ಕೆಲಸವನ್ನು ತಮ್ಮ 1,600 ಜನರ ತಂಡ, ಸರ್ಕಾರದ ಇಲಾಖೆಗಳು ಮತ್ತು 350ಕ್ಕೂ ಹೆಚ್ಚು ಸಂಸ್ಥೆಗಳ ಜೊತೆ ಸೇರಿ ಮಾಡುತ್ತದೆ ಅಂತ. ನನ್ನ ಪ್ರಕಾರ ಅಸಲಿ ವಿಷಯ ಅದು. ಸುರಪುರ, ಯಾದಗಿರಿ ಕಡೆ ಅವರು ಶಾಲೆಗಳ ಕೆಲಸ ಮಾಡಿಕೊಂಡು ವರ್ಷಗಟ್ಟಲೆಯಿಂದ ಇದ್ದರು. ಯಾವ ತಾಂಡಾಕ್ಕೆ ದಾರಿ ಎಲ್ಲಿಂದ, ಯಾವ ಮೇಷ್ಟ್ರಿಗೆ ಫೋನ್ ಮಾಡಿದರೆ ಕೆಲಸ ಆಗುತ್ತದೆ ಅಂತ ಗೊತ್ತಿದ್ದವರಿಗೆ ದುಡ್ಡು ಸಿಕ್ಕಿತು. ದುಡ್ಡು ಬಂದಮೇಲೆ ಜನರನ್ನು ಹುಡುಕಿದವರ ಕತೆ ಬೇರೆ. ಅವರು ಊರ ಮುಂದಿನ ಕಟ್ಟೆ ಹತ್ತಿರ ಟೆಂಪೋ ನಿಲ್ಲಿಸಿ, ಮುಂದೆ ಬಂದವರಿಗೆ ಕೊಟ್ಟು, ಫೋಟೋ ಹೊಡೆದು ಹೋದರು. ನಿಜವಾಗಲೂ ಬೇಕಾದವರು ಮುಂದೆ ಬರಲೇ ಇಲ್ಲ.

ಕಿಟ್ ಬಗ್ಗೆ ಹೇಳುತ್ತೇನೆ. ಒಂದು ಚೀಲ ಬಿಚ್ಚಿ ನೋಡಿದರೆ ಅಕ್ಕಿ, ತೊಗರಿಬೇಳೆ, ಒಂದು ಪಾಕೀಟು ಎಣ್ಣೆ, ಉಪ್ಪು, ಸಾಂಬಾರ್ ಪುಡಿ, ಸೋಪು. ಬೆಂಗಳೂರಲ್ಲಿ ಕೂತು ಪ್ಯಾಕ್ ಮಾಡಿಸಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ನಮ್ಮ ಕಡೆ ರೊಟ್ಟಿ ಇಲ್ಲದೆ ಊಟ ಊಟವೇ ಅಲ್ಲ, ಜೋಳ ಬೇಕು. ಕಾರ್ಡ್ ಇದ್ದವರಿಗೆ ಅಕ್ಕಿ ಹೇಗೂ ನ್ಯಾಯಬೆಲೆ ಅಂಗಡಿಯಲ್ಲಿ ಬರುತ್ತಿತ್ತು, ಕೇಂದ್ರ ಬೇರೆ ತಲೆಗೆ 5 ಕೆಜಿ ಜಾಸ್ತಿ ಪುಕ್ಕಟೆ ಕೊಟ್ಟಿತು. ಆಮೇಲೆ ನಮ್ಮ ಸಂಸ್ಥೆ ಪಕ್ಕದ ಊರಿನ ರೈತರ ಹತ್ತಿರವೇ ಜೋಳ ತಗೊಂಡು ಕೊಟ್ಟಿತು. ಲಾಕ್‌ಡೌನಲ್ಲಿ ಮಾರಲಾಗದೆ ಕೂತಿದ್ದ ರೈತನಿಗೂ ದುಡ್ಡಾಯಿತು, ಲಾರಿ ಬಾಡಿಗೆಯೂ ಉಳಿಯಿತು.

ಕಷ್ಟದ ಕೆಲಸ ಪಟ್ಟಿ ಮಾಡೋದು. ಗುಳೆ ಹೋಗಿ ವಾಪಸ್ ಬಂದವರು, ಅತ್ತೆಯ ಕಾರ್ಡಿನಿಂದ ಹೆಸರು ತೆಗೆಸಿ ಇನ್ನೂ ಹೊಸ ಕಾರ್ಡ್ ಆಗದ ಸೊಸೆ, ಬೆರಳಚ್ಚು ತಾಗದ ಅಜ್ಜಿ. ಇವರ ಹೆಸರು ಅಂಗನವಾಡಿ ಟೀಚರ್ ಮತ್ತು ಆಶಾ ಅಕ್ಕಂದಿರಿಗೆ ಬಾಯಿಪಾಠ, ಕಚೇರಿಯ ಕಂಪ್ಯೂಟರಲ್ಲಿ ಇರುವುದಿಲ್ಲ.

ಕೆ.ಆರ್.ಪುರದ ಹುಡುಗಿ

ನಾನು ನಗರದ ಕಡೆಯದು ಹೇಳುತ್ತೇನೆ, ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ. 2020ರಲ್ಲಿ ಬೆಂಗಳೂರಲ್ಲಿ ಸಿಕ್ಕಿಬಿದ್ದ ಕೂಲಿ ಕಾರ್ಮಿಕರ ಫೋನ್ ಕರೆ ತೆಗೆದುಕೊಳ್ಳುವ ಒಂದು ಗುಂಪಿನಲ್ಲಿದ್ದೆ. ದೇಶದ ಮಟ್ಟದಲ್ಲಿ ಇದೇ ಕೆಲಸವನ್ನು ಸ್ವಾನ್ ಅಂತ, ಅಂದರೆ ಸ್ಟ್ರ್ಯಾಂಡೆಡ್ ವರ್ಕರ್ಸ್ ಆ್ಯಕ್ಷನ್ ನೆಟ್‌ವರ್ಕ್, ಮಾಡಿತು. ಅವರು ಏಪ್ರಿಲ್ ಮಧ್ಯದಲ್ಲಿ ಸುಮಾರು 11,000 ಕಾರ್ಮಿಕರ ಮಾಹಿತಿ ಇಟ್ಟುಕೊಂಡು ಒಂದು ವರದಿ ತಂದರು. ಅದರಲ್ಲಿ 96% ಜನಕ್ಕೆ ಸರ್ಕಾರದ ರೇಷನ್ ಸಿಕ್ಕಿರಲಿಲ್ಲ, 89% ಜನಕ್ಕೆ ಲಾಕ್‌ಡೌನ್ ದಿನಗಳ ಕೂಲಿ ಬಂದಿರಲಿಲ್ಲ. ಕಾರ್ಡ್ ಬಿಹಾರದಲ್ಲೋ ಯಾದಗಿರಿಯಲ್ಲೋ, ಮನುಷ್ಯ ಇಲ್ಲಿ ತಗಡಿನ ಶೆಡ್ಡಲ್ಲಿ.

ಇವರಿಗೆ ಕಿಟ್ ಕೊಟ್ಟರೆ ಏನಾಗುತ್ತದೆ ಗೊತ್ತಾ? ಒಬ್ಬರಿಗೆ ಅಕ್ಕಿ ಬೇಳೆ ತಲುಪಿಸಿದ್ದೀವಿ ಅಂತ ನಾವು ಖುಷಿಯಲ್ಲಿದ್ದರೆ ಮಾರನೇ ದಿನ ಅದೇ ನಂಬರಿಂದ ಫೋನ್. ಗ್ಯಾಸ್ ಮುಗಿದಿದೆ ದೀದಿ. ಅವರದು ಕೆಜಿ ಲೆಕ್ಕದಲ್ಲಿ ತುಂಬಿಸುವ ಚಿಕ್ಕ ಸಿಲಿಂಡರ್, ತುಂಬಿಸುವವನು ರೇಟು ಏರಿಸಿ ಕೂತಿದ್ದಾನೆ. ಇನ್ನೊಬ್ಬರಿಗೆ ಕರೆನ್ಸಿ ಮುಗಿದು ಊರಿಗೆ ಫೋನ್ ಮಾಡಲು ಆಗುತ್ತಿಲ್ಲ. ಮತ್ತೊಬ್ಬರ ಮಗುವಿಗೆ ಹಾಲಿನ ಪುಡಿ. ಒಂದೊಂದು ಮನೆಗೂ ಒಂದೊಂದು ಬೇಕು, ಅದನ್ನೆಲ್ಲ ನಾವು ಊಹಿಸಿ ಚೀಲಕ್ಕೆ ತುಂಬಲಾಗುವುದಿಲ್ಲ. ಐನೂರೋ ಸಾವಿರವೋ ಖಾತೆಗೆ ಹಾಕಿದರೆ ಅವರೇ ನೋಡಿಕೊಳ್ಳುತ್ತಿದ್ದರು. ಕುಡಿಯುತ್ತಾರೆ ಅನ್ನುವವರಿಗೆ ಒಂದು ಮಾತು: ಆಗ ಮದ್ಯದಂಗಡಿಗೂ ಬೀಗ ಇತ್ತು, ತೆರೆದದ್ದು ಮೇ 4ಕ್ಕೆ. ತೆರೆದ ದಿನ ಕ್ಯೂನಲ್ಲಿ ನಿಂತವರಲ್ಲಿ ಕಾರಲ್ಲಿ ಬಂದವರೂ ಬೇಕಾದಷ್ಟಿದ್ದರು.

ಆದರೆ ದುಡ್ಡು ಹಾಕಿ ಕೈ ತೊಳೆದುಕೊಳ್ಳೋದು ಅನ್ನೋ ಮಾತೂ ಸುಳ್ಳು. ಖಾತೆ ನಂಬರನ್ನು ಫೋನಲ್ಲಿ ಬರೆದುಕೊಂಡು, ಹೆಸರು ಸರಿ ಇದೆಯಾ ನೋಡಿ, ಬಂತಾ ಅಂತ ಮತ್ತೆ ಕರೆ ಮಾಡಿ ಕೇಳಬೇಕು. ಕೆಲವರಿಗೆ ಹಾಕಿದ ದುಡ್ಡು ಮಿನಿಮಮ್ ಬ್ಯಾಲೆನ್ಸ್ ಅಂತ ಬ್ಯಾಂಕಲ್ಲೇ ಕಟ್ ಆಯಿತು. ಹಿಂದಿ, ಒಡಿಯಾ, ಬಂಗಾಳಿ ಬರುವವರು ಬೇಕು. ಒಬ್ಬರಿಗೆ ಒಂದು ಗಂಟೆ ಹೋಗಿದ್ದೂ ಇದೆ.

ಮೇ ಮೊದಲ ವಾರ ಮರೆಯೋ ಹಾಗೇ ಇಲ್ಲ. ಬಿಲ್ಡರ್‌ಗಳ ಜೊತೆ ಮಾತುಕತೆ ಆದಮೇಲೆ ರಾಜ್ಯ ಸರ್ಕಾರ ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲು ಬೇಡ ಅಂದಿತು, ಎಲ್ಲ ಕಡೆಯಿಂದ ಬೈಸಿಕೊಂಡು ಕೆಲವೇ ದಿನದಲ್ಲಿ ಮತ್ತೆ ಒಪ್ಪಿತು. ಆ ದಿನಗಳಲ್ಲಿ ಬಂದ ಕರೆಗಳಲ್ಲಿ ಅಕ್ಕಿ ಕೇಳಿದವರು ಕಮ್ಮಿ. ಎಲ್ಲರೂ ಕೇಳಿದ್ದು ಊರಿಗೆ ಹೋಗೋದು ಹೇಗೆ ಅಂತ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಹಳೇ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಮೇ 28ಕ್ಕೆ ಮುಂಬೈಯಿಂದ ರಾಂಚಿಗೆ ಕಾರ್ಮಿಕರನ್ನು ವಿಮಾನದಲ್ಲೇ ಕಳಿಸಿದರು. ನಿಮ್ಮದೂ ಹಳೇ ವಿದ್ಯಾರ್ಥಿಗಳ ಸಂಘ ಅಂದಿರಿ, ಅದಕ್ಕೆ ಹೇಳಿದೆ.

ಜಮಾಖರ್ಚು

ಆ ಹಿರಿಯರ ಬೈಲಾ ನೋಡಿ ಬರೆಯುತ್ತಿದ್ದೇನೆ, ಸಂಸ್ಥೆಗಳ ಲೆಕ್ಕ ನೋಡುವುದೇ ನನ್ನ ಕಸುಬು. ಓಡಾಟಕ್ಕೆ ರೂಪಾಯಿ ಇಲ್ಲ ಅನ್ನೋದು, ಹೋಟೆಲಲ್ಲಿ ಅಕ್ಕಿಗೆ ಮಾತ್ರ ದುಡ್ಡು ಕೊಡುತ್ತೇನೆ ಭಟ್ಟರಿಗೆ ಕೊಡಲ್ಲ ಅಂದಹಾಗೆ. ಮೇಲಿನ ಇಬ್ಬರೂ ಹೇಳಿದ ಪಟ್ಟಿ ಮಾಡೋದು, ಫೋನ್ ಮಾಡೋದು, ಇದೆಲ್ಲ ಲೆಕ್ಕದ ಪುಸ್ತಕದಲ್ಲಿ ಆಡಳಿತ ವೆಚ್ಚ ಅಂತಲೇ ಬೀಳುವ ಸಂಭವ ಜಾಸ್ತಿ.

ಇದೇ ಯೋಚನೆ ಕಾನೂನಾದಾಗ ಏನಾಯಿತು ನೋಡಿ. 2020ರ ಸೆಪ್ಟೆಂಬರಲ್ಲಿ, ಕೊರೋನಾ ಮಧ್ಯದಲ್ಲೇ, ವಿದೇಶಿ ದೇಣಿಗೆ ಕಾಯ್ದೆ ತಿದ್ದಿದರು. ಆಡಳಿತ ವೆಚ್ಚದ ಮಿತಿ 50%ನಿಂದ 20%ಗೆ ಇಳಿಯಿತು. ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗಿಲ್ಲ. ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ದುರುಪಯೋಗ ತಡೆಯಲು ಅಂತ ಸರ್ಕಾರ ಹೇಳಿತು. ದುರುಪಯೋಗ ಇರಲೇ ಇಲ್ಲ ಅಂತ ನಾನೂ ಹೇಳಲ್ಲ, ಕೆಲವು ಪುಸ್ತಕ ನಾನೇ ನೋಡಿದ್ದೇನೆ. ಆದರೆ 2021ರ ಏಪ್ರಿಲ್-ಮೇನಲ್ಲಿ ಎರಡನೇ ಅಲೆ ಬಂದಾಗ ಹೊರದೇಶದಿಂದ ದುಡ್ಡು ಬಂತು, ದೊಡ್ಡ ಸಂಸ್ಥೆಗಳ ಖಾತೆಯಲ್ಲಿ ನಿಂತಿತು. ಹಳ್ಳಿಯಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆಗೆ ಅದನ್ನು ದಾಟಿಸುವ ದಾರಿ ಮುಚ್ಚಿತ್ತು.

ದಾಟಿಸಲಾಗದಿದ್ದರೆ ಏನು ಮಾಡುತ್ತಾರೆ? ಸಾಮಾನು ಕೊಳ್ಳುತ್ತಾರೆ. ಎಲ್ಲರೂ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಡುವ ಯಂತ್ರ, ಕೊಂಡರು. ಒಳ್ಳೇ ಯಂತ್ರವೇ, ನಿಮಿಷಕ್ಕೆ 5 ಲೀಟರ್, 10 ಲೀಟರ್ ಕೊಡುತ್ತದೆ, ತೀರಾ ಗಂಭೀರವಲ್ಲದ ರೋಗಿಗೆ ಸಾಕು. ಆದರೆ ಕರೆಂಟ್ ಬೇಕು, ಫಿಲ್ಟರ್ ತೊಳೆಯಬೇಕು, ನೋಡಿಕೊಳ್ಳುವ ನರ್ಸ್ ಬೇಕು. ಆಮೇಲೆ ನಾನು ಆಡಿಟ್‌ಗೆ ಹೋದ ಒಂದು ಕಡೆ ಆರೋಗ್ಯ ಕೇಂದ್ರದ ಸ್ಟೋರಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ತೆಗೆಯದೆ ಸಾಲಾಗಿ ನಿಂತಿದ್ದವು. ಮೇಲೆ ದಾನಿಗಳ ಸ್ಟಿಕ್ಕರ್ ಮಾತ್ರ ನೀಟಾಗಿತ್ತು.

ನಿಮ್ಮದು ಊರಿನ ದುಡ್ಡು, ಈ ಕಾಯ್ದೆ ತಗಲುವುದಿಲ್ಲ. ನೀವಾಗಿಯೇ ಆ ಗಂಟು ಹಾಕಿಕೊಳ್ಳಬೇಡಿ ಅಷ್ಟೇ. 15-20% ಓಡಾಟಕ್ಕೆ ಅಂತ ಬರೆಯಿರಿ, ಲೆಕ್ಕ ಎಲ್ಲರೂ ನೋಡುವಂತೆ ಇಡಿ.

ಸುಮ್ನೆ ಓದುವವ

ಎಲ್ಲರೂ ದಾನದ ಮಾತೇ ಆಡುತ್ತಿದ್ದೀರಿ. 1,125 ಕೋಟಿ ಅಂದರೆ ದೊಡ್ಡ ಮೊತ್ತ, ಸರಿ. ಆದರೆ 2020ರ ಮೇ 6ಕ್ಕೆ ನಮ್ಮ ರಾಜ್ಯ ಸರ್ಕಾರ ಘೋಷಿಸಿದ ಒಂದು ಪ್ಯಾಕೇಜೇ 1,610 ಕೋಟಿ. ಆಟೋ, ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಮಡಿವಾಳರಿಗೆ ತಲಾ 5,000 ಅಂತ ಇತ್ತು. ಆಟೋದವರು ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮ ಬೀದಿಯ ಆಟೋದವರಿಗೆ ಒಂದು ಹುಡುಗರ ಗುಂಪು ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಜಿ ತುಂಬಿಕೊಟ್ಟಿತು, ಅಷ್ಟೇ. ಖರ್ಚು ಇಂಟರ್ನೆಟ್ಟು ಮತ್ತು ಟೀ. ಅರ್ಜಿ ಪಾಸಾದವರಿಗೆ ಒಬ್ಬೊಬ್ಬರಿಗೂ 5,000 ಬಂತು. ಸಾವಿರದ ಕಿಟ್ ಹಂಚಿದರೆ ಇದು ಆಗುತ್ತಿತ್ತಾ?

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅರ್ಜಿ ತುಂಬುವ ವಿಷಯ ನಮ್ಮ ಯಾರ ತಲೆಗೂ ಬಂದಿರಲಿಲ್ಲ, ನಮ್ಮಲ್ಲಿ ಕಂಪ್ಯೂಟರ್ ಗೊತ್ತಿರುವ ಹುಡುಗರಿಗೆ ಬರ ಇಲ್ಲ. ಹಿರಿಯರಿಗೆ ಜಮಾಖರ್ಚು ಸಾರ್ ಬರೆದದ್ದನ್ನು ಹಾಗೇ ಓದಿ ಹೇಳುತ್ತೇನೆ, ಬೈಸಿಕೊಳ್ಳುವುದು ಗ್ಯಾರಂಟಿ. ಸುರಪುರದ ಅಣ್ಣ, ಒಂದೇ ಪ್ರಶ್ನೆ. ಪಟ್ಟಿಯನ್ನು ಈಗಲೇ ಮಾಡಿಟ್ಟುಕೊಂಡರೆ ಆಗುತ್ತದಾ?

ಸುರಪುರ ಸೀಮೆಯವ

ಮನೆಗಳ ಪಟ್ಟಿ ಈಗ ಮಾಡಿದರೆ ಎರಡು ವರ್ಷದಲ್ಲಿ ಹಳತಾಗುತ್ತದೆ ಅಣ್ಣ. ಜನರ ಪಟ್ಟಿ ಮಾಡಿ. ಒಂದೊಂದು ಊರಿಗೆ ಒಬ್ಬ ಆಶಾ, ಒಬ್ಬ ಅಂಗನವಾಡಿ ಟೀಚರ್, ರೇಷನ್ ಅಂಗಡಿಯವನ ನಂಬರ್. ಆಗಾಗ ಸುಮ್ನೆ ಹೋಗಿ ಮಾತಾಡಿಸಿ ಬನ್ನಿ, ಅವರ ಊರಿನ ಶಾಲೆಗೋ ಅಂಗನವಾಡಿಗೋ ಏನಾದರೂ ಸಣ್ಣ ಕೆಲಸ ಮಾಡಿಕೊಡಿ. ಆ ಓಡಾಟದ ಬಸ್ ಚಾರ್ಜನ್ನೂ ನಿಧಿಯಿಂದಲೇ ಕೊಡಿ.