ಪದಚರ್ಚೆ: ಗೀಸರಿನಲ್ಲಿ ‘ಗ್ಯಾಸ್’ ಎರಡು, ಹೆಸರು ಒಂದೇ. ಎರಡನೆಯದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕೊಡಗಿನ ನಾಪೋಕ್ಲು ಕಡೆಯ ಕೆಲವು ಹೋಮ್‌ಸ್ಟೇಗಳಿಗಾಗಿ ಗ್ಯಾಸ್ ಗೀಸರ್ ನೋಡಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಬಚ್ಚಲು ಮನೆಯ ಹೊರಗೋಡೆಗೆ ಅಂಟಿಸುವ ಹಾಳೆ. ಅದನ್ನು ಓದುವವರು ಕೋಣೆ ನೋಡಿಕೊಳ್ಳುವ ಅಕ್ಕಂದಿರು, ತೋಟದ ರೈಟರು, ಮನೆಯ ಹಿರಿಯರು. ಅವರ ಮನೆಮಾತು ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಹೀಗೆ ಬೇರೆ ಬೇರೆ. ಎಲ್ಲರೂ ಓದುವುದು ಮಾತ್ರ ಕನ್ನಡ. ಹಾಗಾಗಿ ಒಂದೇ ಓದಿಗೆ ತಿಳಿಯುವ ಪದ ಬೇಕು. ಜಾಸ್ತಿ ಪದಗಳು ಸುಲಭವಾಗಿ ಸಿಕ್ಕಿವೆ. ಒಂದು ಮಾತ್ರ ಸಿಕ್ಕಿಲ್ಲ, ಮುಖ್ಯವಾದದ್ದೂ ಅದೇ.

ಗೀಸರಿನ ಮಾತು ಬಂದಾಗ ನಾವು ಎರಡು ಬೇರೆ ಬೇರೆ ವಸ್ತುಗಳಿಗೆ ‘ಗ್ಯಾಸ್’ ಅನ್ನುತ್ತೇವೆ. ಒಂದು ಸಿಲಿಂಡರಿನಿಂದ ಬರುವುದು. ಅದು ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಏಕೆಂದರೆ ವಾಸನೆ ಬರಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಇನ್ನೊಂದು ಗೀಸರಿನ ಬರ್ನರಿನಲ್ಲೇ ಹುಟ್ಟುವುದು. ಉರಿಗೆ ಗಾಳಿ ಸಾಲದೆ ಹೋದಾಗ ಸಿಲಿಂಡರಿನ ಗ್ಯಾಸ್ ಪೂರ್ತಿ ಉರಿಯುವುದಿಲ್ಲ. ಆಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಬಚ್ಚಲಿನಲ್ಲಿ ಜನ ಸತ್ತ ಸುದ್ದಿ ಬಂದಾಗ ತಲೆಬರಹ ಹೆಚ್ಚಾಗಿ ‘ಗೀಸರ್ ಅನಿಲ ಸೋರಿಕೆಯಿಂದ ಸಾವು’ ಎಂದಿರುತ್ತದೆ. ಒಳಗೆ ಓದಿದರೆ ಕಿಟಕಿ ಮುಚ್ಚಿತ್ತು, ಗೀಸರ್ ಉರಿಯುತ್ತಿತ್ತು ಎಂಬ ವಿವರ. ಹಾಗಿದ್ದರೆ ಅನೇಕ ಸಲ ಅಲ್ಲಿ ಯಾವುದೂ ಸೋರಿರುವುದಿಲ್ಲ. ಪೈಪು, ರೆಗ್ಯುಲೇಟರ್ ಎಲ್ಲ ಸರಿಯಾಗಿದ್ದೇ ಸಾವು ಬಂದಿರುತ್ತದೆ. ಓದಿದವರು ಏನು ಮಾಡುತ್ತಾರೆ? ಮನೆಯ ಗೀಸರಿನ ಹತ್ತಿರ ಹೋಗಿ ಮೂಸಿ ನೋಡುತ್ತಾರೆ. ವಾಸನೆ ಇಲ್ಲ ಅಂದಮೇಲೆ ಭಯವಿಲ್ಲ ಎಂದುಕೊಳ್ಳುತ್ತಾರೆ. ‘ಸೋರಿಕೆ’ ಎಂಬ ಪದವೇ ಅವರನ್ನು ತಪ್ಪು ಕಡೆ ಕಳಿಸಿತು, ಅಲ್ವಾ? ಇದಕ್ಕಾಗಿಯೇ ಎರಡನೆಯ ಗ್ಯಾಸಿಗೆ ಬೇರೆ ಹೆಸರು ಬೇಕು ಅಂತ ನನಗೆ ತೀವ್ರವಾಗಿ ಅನಿಸುತ್ತಿದೆ.

ಕೊಡಗಿನಲ್ಲಿ ಈ ವಿಷಯ ಇನ್ನೂ ಹತ್ತಿರದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಬರುವ ತನಕ ಕರೆಂಟಿನ ಗೀಸರ್ ಸುಮ್ನೆ ಗೋಡೆಯಲ್ಲಿರುತ್ತದೆ. ಅದಕ್ಕೇ ಗ್ಯಾಸ್ ಗೀಸರ್ ಹಾಕಿಸುತ್ತಾರೆ. ಚಳಿಗೆ ಕಿಟಕಿಯನ್ನೂ ಮುಚ್ಚುತ್ತಾರೆ. ಹಿಂದೆ ಹಂಡೆ ಒಲೆಯ ಕಾಲದಲ್ಲಿ ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಹೋಗದಿದ್ದರೆ ಕಣ್ಣು ಉರಿದು ನಾವೇ ಹೊರಗೆ ಬರುತ್ತಿದ್ದೆವು. ಈಗ ಮೇಲೆ ಕಾಂಕ್ರೀಟು, ಕಿಟಕಿಗೆ ಗಾಜು. ಕಣ್ಣು ಉರಿಸುವ ಹೊಗೆಯೂ ಇಲ್ಲ.

ಆದ್ದರಿಂದ ‘ಹೊಗೆ’ ಎಂಬ ಪದ ಆಗುವುದಿಲ್ಲ. ಹೊಗೆ ಅಂದರೆ ಕಾಣಬೇಕು. ‘ಅನಿಲ’ ಅಂದರೆ ‘ಅಡುಗೆ ಅನಿಲ’ ನೆನಪಾಗಿ ಮತ್ತೆ ಸಿಲಿಂಡರಿಗೇ ಹೋಗುತ್ತದೆ. ‘ವಿಷಾನಿಲ’ ಪತ್ರಿಕೆಯ ಪದ, ಅರ್ಥವೇನೋ ಆಗುತ್ತದೆ. ಆದರೆ ಅದು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಕಾರ್ಖಾನೆಯದ್ದೋ ಏನೋ ಅನಿಸುತ್ತದೆ. ‘ಉಸಿರುಗಟ್ಟಿಸುವ ಗಾಳಿ’ ಎಂದರೆ ತಪ್ಪೇ ಆಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಒಳಗೆ ಹೋದಾಗ ಸಾಮಾನ್ಯವಾಗಿ ಉಸಿರು ಕಟ್ಟಿದ ಹಾಗೆ ಅನಿಸುವುದಿಲ್ಲ. ತಲೆ ನೋಯುತ್ತದೆ, ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ, ಕೈಕಾಲು ಸೋಲುತ್ತದೆ. ಚಿಲಕ ತೆಗೆಯಲೂ ಆಗದ ಸ್ಥಿತಿ ಬರುವುದು ಹೀಗೆ. ಉಸಿರು ಕಟ್ಟಲಿ, ಆಗ ಹೊರಗೆ ಬಂದರಾಯಿತು ಎಂದು ಕಾಯುವವರು ಉಳಿಯುವುದಿಲ್ಲ.

‘ಕೆಟ್ಟ ಗಾಳಿ’ ಎಂದು ಒಬ್ಬ ಹಿರಿಯರು ಸೂಚಿಸಿದರು. ಪದ ಚೆನ್ನಾಗಿದೆ, ಹಳೆಯ ಬಾವಿಗೆ ಇಳಿಯುವವರು ಹೇಳುವ ಮಾತು. ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುವ ಪದ್ಧತಿಯೂ ಇತ್ತು. ದೀಪ ಆರಿದರೆ ಕೆಳಗೆ ಆಮ್ಲಜನಕ ಸಾಲದು ಎಂದರ್ಥ. ಆದರೆ ಬಚ್ಚಲಿನ ವಿಷಯದಲ್ಲಿ ಈ ಗುರುತು ನಡೆಯುವುದಿಲ್ಲ. ಗೀಸರ್ ಉರಿಯುತ್ತಲೇ ಇರುವಾಗ ಮನುಷ್ಯ ಬೀಳುತ್ತಾನೆ. ಜೊತೆಗೆ ನಮ್ಮ ಕಡೆ ‘ಗಾಳಿ ಸೋಕು’, ‘ಗಾಳಿ ಹಿಡಿದಿದೆ’ ಎಂದರೆ ಅರ್ಥವೇ ಬೇರೆ. ಬಚ್ಚಲಿನಲ್ಲಿ ಕೆಟ್ಟ ಗಾಳಿ ಇದೆ ಎಂದು ಹಾಳೆಯಲ್ಲಿ ಬರೆದರೆ ಕಿಟಕಿ ತೆಗೆಯುವ ಬದಲು ತಾಯತ ಕಟ್ಟಿಸುವ ಯೋಚನೆ ಬರಬಹುದು.

ನಾನು ಸದ್ಯಕ್ಕೆ ಇಟ್ಟುಕೊಂಡಿರುವ ಪದ ‘ಸುಟ್ಟ ಗಾಳಿ’. ಇದು ಹುಟ್ಟಿದ ಜಾಗವನ್ನು ಹೇಳುತ್ತದೆ. ಉರಿ ಇದ್ದಲ್ಲಿ ಸುಟ್ಟ ಗಾಳಿ ಇದ್ದೇ ಇರುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿ ಬೇಕು ಎಂದು ಹೇಳಿದರೆ ತಕ್ಷಣ ಹೊಳೆಯುತ್ತದೆ. ಒಂದು ತೊಡಕಿದೆ. ‘ಸುಟ್ಟ’ ಎಂದ ಕೂಡಲೇ ‘ಸುಟ್ಟ ವಾಸನೆ’ ನೆನಪಾಗುತ್ತದೆ, ಮತ್ತೆ ಮೂಸಿ ನೋಡಲು ಹೋಗಬಹುದು. ‘ಉರಿಗಾಳಿ’ ನೋಡಿದೆ, ಅದು ಬೇಸಿಗೆಯ ಬಿಸಿಗಾಳಿಯಂತೆ ಕೇಳಿಸಿತು. ‘ಅರೆಸುಟ್ಟ ಗಾಳಿ’ ಎಂದರೆ ಪೂರ್ತಿ ಉರಿಯದೆ ಉಳಿದದ್ದು ಎಂಬ ಅರ್ಥ ಸರಿಯಾಗಿ ಬರುತ್ತದೆ. ಬಾಯಿಗೆ ಸ್ವಲ್ಪ ಉದ್ದ.

ಇನ್ನೊಂದು ದಾರಿಯಿದೆ, ಅದರಲ್ಲಿ ನಿಮ್ಮ ಸಹಾಯ ಬೇಕು. ಚಳಿಗಾಲದಲ್ಲಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗಬಾರದು ಎಂದು ಹಿರಿಯರು ಹೇಳುತ್ತಿದ್ದರು. ಅಲ್ಲೂ ಹೊಗೆ ಇರುವುದಿಲ್ಲ, ಬರುವುದು ಇದೇ ಕಾರ್ಬನ್ ಮೊನಾಕ್ಸೈಡ್. ಅಪಾಯ ಗೊತ್ತಿದ್ದವರ ಬಾಯಲ್ಲಿ ಅದಕ್ಕೊಂದು ಹೆಸರು ಇದ್ದಿರಬೇಕಲ್ಲ? ಬಾಣಂತಿ ಕೋಣೆ, ಇದ್ದಿಲು ಸುಡುವವರು, ಕಮ್ಮಾರಸಾಲೆ, ಇಂಥ ಕಡೆ ಕೇಳಿದ ಪದ ಯಾವುದಾದರೂ ಇದ್ದರೆ ತಿಳಿಸಿ. ಕೊಡವ ತಕ್ಕ್ ಅಥವಾ ಅರೆಭಾಷೆಯದಾದರೆ ಇನ್ನೂ ಒಳ್ಳೆಯದು. ಕನ್ನಡದ ಹಾಳೆಗೆ ಅದನ್ನೇ ತೆಗೆದುಕೊಳ್ಳಲು ನನಗೆ ಸಂತೋಷ.

‘ಗೀಸರ್’ ಎಂಬ ಪದವನ್ನು ಬದಲಿಸುವ ಯೋಚನೆ ಇಲ್ಲ. ಐಸ್‌ಲ್ಯಾಂಡಿನ ಬಿಸಿನೀರಿನ ಚಿಲುಮೆಯ ಹೆಸರು ಅದು. ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ 1868ರಲ್ಲಿ ತಾನು ಮಾಡಿದ ಗ್ಯಾಸಿನ ಯಂತ್ರಕ್ಕೆ ಅದನ್ನೇ ಇಟ್ಟ. ಆ ಮೊದಲ ಯಂತ್ರದಲ್ಲಿ ಸುಟ್ಟ ಗಾಳಿ ಹೊರಗೆ ಹೋಗಲು ಕೊಳವೆಯೇ ಇರಲಿಲ್ಲ. ನಮ್ಮಲ್ಲಿ ‘ತಣ್ಣೀರು’ ಉಳಿದು ಅದರ ಜೋಡಿ, ಬಿಸಿನೀರಿಗಿದ್ದ ‘ಬೆನ್ನೀರು’ ಬಳಕೆಯಿಂದ ಹೋಗಿದೆ. ತುಳುವಿನವರು ಇಂದಿಗೂ ಬೆಂದ್ರ್ ಅನ್ನುತ್ತಾರೆ. ಇರಲಿ, ಅದು ಬೇರೆ ಚರ್ಚೆ.

ಎರಡನೆಯ ಪ್ರಶ್ನೆ ಮಸಿಯದು. ಗೀಸರಿನ ತಾಮ್ರದ ಕಾಯಿಲ್ ಕೊಳಕಾಗಿದೆ ಎಂದು ಮೆಕ್ಯಾನಿಕ್ ಹೇಳಿದಾಗ ಯಾವ ಕೊಳಕು ಎಂದು ಕೇಳಬೇಕಾಗುತ್ತದೆ. ‘ಕಿಟ್ಟ ಕಟ್ಟಿದೆ’ ಎಂದು ಎರಡಕ್ಕೂ ಹೇಳುತ್ತಾರೆ. ಆದರೆ ನೀರು ಹರಿಯುವ ಒಳಮೈಗೆ ಕೂರುವುದು ಸುಣ್ಣ. ಉರಿ ತಾಗುವ ಹೊರಮೈಗೆ ಕೂರುವುದು ಮಸಿ. ಸುಣ್ಣ ಕಟ್ಟಿದರೆ ನೀರಿನ ಹರಿವು, ಬಿಸಿ ಕಡಿಮೆಯಾಗುತ್ತವೆ, ಅಷ್ಟೇ. ತೋಡಿನ ನೀರು, ಬೆಟ್ಟದ ಒರತೆ ನೀರು ಬಳಸುವಲ್ಲಿ ಅದು ಅಪರೂಪ. ಬೋರ್‌ವೆಲ್ ನೀರಿರುವಲ್ಲಿ ಜಾಸ್ತಿ. ಮಸಿ ಹಿಡಿದರೆ ಕಾಯಿಲಿನ ಪಟ್ಟಿಗಳ ಸಂದಿ ಮುಚ್ಚಿ ಸುಟ್ಟ ಗಾಳಿ ಮೇಲೆ ಹೋಗುವುದು ನಿಧಾನವಾಗುತ್ತದೆ. ಉರಿಗೆ ಹೊಸ ಗಾಳಿ ಸಿಗುವುದೂ ಕಡಿಮೆಯಾಗುತ್ತದೆ. ಅದರಿಂದ ಮತ್ತಷ್ಟು ಮಸಿ. ಮಸಿಯ ವಿಷಯ ಪ್ರಾಣಕ್ಕೆ ಸಂಬಂಧಿಸಿದ್ದು.

ಇದಕ್ಕೆ ಉತ್ತರ ಹಂಡೆಯ ಮಾತಿನಲ್ಲೇ ಇದೆ ಅನಿಸುತ್ತದೆ. ಹಂಡೆಯ ಒಳಗೆ ಸುಣ್ಣ ‘ಕಟ್ಟುತ್ತದೆ’, ಹೊರಗೆ ಮಸಿ ‘ಹಿಡಿಯುತ್ತದೆ’. ಈ ಎರಡು ಕ್ರಿಯಾಪದಗಳನ್ನು ಯಾರೂ ಅದಲುಬದಲು ಮಾಡುವುದಿಲ್ಲ ಎಂದುಕೊಂಡಿದ್ದೇನೆ. ನಿಮ್ಮ ಕಡೆಯೂ ಹೀಗೆಯೇ? ‘ಇಲ್ಲಣ’ ಎಂಬ ಪದವನ್ನು ನಾನು ಬಿಟ್ಟಿದ್ದೇನೆ. ಅದು ಅಟ್ಟದಿಂದ ಜೋತಾಡುವ ಮಸಿ, ಲೋಹಕ್ಕೆ ಅಂಟಿದ್ದಕ್ಕೆ ಹೊಂದುವುದಿಲ್ಲ.

ಕಂಪನಿಯ ಪುಸ್ತಿಕೆಯ ‘ಜ್ವಾಲೆ’ಯನ್ನು ತೆಗೆದು ‘ಉರಿ’ ಎಂದು ಬರೆದಿದ್ದೇನೆ. ‘ನೀಲಿ ಉರಿ ಇರಬೇಕು, ಹಳದಿ ಉರಿ ಬಂದರೆ ಆರಿಸಿ ಮೆಕ್ಯಾನಿಕ್ ಕರೆಸಿ’. ‘ಕಿಡಿ ಹೊಡೆಯುತ್ತದೆ, ಉರಿ ಹತ್ತುವುದಿಲ್ಲ’ ಎಂಬುದು ಎಲ್ಲರೂ ಹೇಳುವ ದೂರು, ಹಾಗೇ ಇಟ್ಟಿದ್ದೇನೆ. ಅದಕ್ಕೆ ಮೊದಲು ಎರಡು ದೊಡ್ಡ ಸೆಲ್ ಬದಲಿಸಿ ನೋಡಬೇಕು. ಆಮೇಲೆ ನೀರು ಬರುವ ಬಾಯಿಯ ಜಾಲರಿ ಬಿಚ್ಚಿ ತೊಳೆಯಬೇಕು. ಮಳೆಗಾಲದಲ್ಲಿ ಕೆಂಪು ನೀರು ಬಂದಾಗ ಅಲ್ಲಿ ಕೆಸರು ಕೂತು ನೀರಿನ ಒತ್ತಡ ಇಳಿಯುತ್ತದೆ. ಒತ್ತಡ ಸಾಲದಿದ್ದರೆ ಗ್ಯಾಸಿನ ಬಾಯಿ ತೆರೆಯುವುದೇ ಇಲ್ಲ. ಕೆಸರಿಗೆ ‘ಗಸಿ’ ಎಂದಿದ್ದೇನೆ.

ಗ್ಯಾಸ್ ಪೈಪಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿ ‘ಗುಳ್ಳೆ’ ಬರುತ್ತದೆಯೇ ನೋಡಿ ಎಂದು ಬರೆದೆ. ‘ನೊರೆ’ ಎಂದರೆ ಹಚ್ಚಿದ ಸೋಪೆಲ್ಲ ನೊರೆಯೇ, ಗೊಂದಲವಾಗುತ್ತದೆ. ಸುರಕ್ಷಾ ಪೈಪನ್ನು (ಸಿಲಿಂಡರಿನ ರಬ್ಬರ್ ಪೈಪು) 5 ವರ್ಷಕ್ಕೊಮ್ಮೆ ಬದಲಿಸಿ, ವಾಸನೆ ಬಂದರೆ ಸ್ವಿಚ್ ಮುಟ್ಟದೆ ಸಿಲಿಂಡರ್ ಮುಚ್ಚಿ ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ, ಇವಕ್ಕೆ ಪದದ ತೊಂದರೆ ಇಲ್ಲ.

ಹಾಳೆಯ ಮೊದಲ ಸಾಲು ಈಗ ಹೀಗಿದೆ: ‘ಗೀಸರ್ ಉರಿಯುವಾಗ ಸುಟ್ಟ ಗಾಳಿ ಬರುತ್ತದೆ. ಅದು ಕಾಣುವುದಿಲ್ಲ, ವಾಸನೆ ಬರುವುದಿಲ್ಲ. ಗೀಸರ್ ಬಚ್ಚಲಿನ ಹೊರಗೇ ಇರಲಿ, ಸುಟ್ಟ ಗಾಳಿ ಬಯಲಿಗೆ ಹೋಗಲಿ. ತಲೆ ಸುತ್ತಿದರೆ ಸ್ನಾನ ಬಿಟ್ಟು ಕೂಡಲೇ ಹೊರಗೆ ಬನ್ನಿ.’ ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಕಡೆಯವರು ಇದನ್ನು ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳಿ. ‘ಸುಟ್ಟ ಗಾಳಿ’ ಎಂಬಲ್ಲಿ ಅವರು ನಿಂತು ‘ಹಾಗಂದ್ರೆ?’ ಎಂದು ಕೇಳಿದರೋ, ಮುಂದೆ ಹೋದರೋ ನನಗೆ ಬರೆಯಿರಿ. ನಿಂತರೆ ಅವರೇ ಯಾವ ಪದ ಹೇಳಿದರು ಎಂಬುದನ್ನೂ ಬರೆಯಿರಿ.