ಕನ್ನಡದಲ್ಲೇ ಮಾತಾಡೋ ಆನ್‌ಲೈನ್ ಥೆರಪಿಸ್ಟ್ ಬೇಕಿತ್ತು, ಆಫೀಸಿನ ವಿಷಯಕ್ಕೆ

ಕುಂದವಾಡ_ಕೆರೆ:

ಎಲ್ಲರಿಗೂ ನಮಸ್ಕಾರ. ಬರೆಯೋದೋ ಬೇಡವೋ ಅಂತ ಎರಡು ವಾರದಿಂದ ಯೋಚನೆ ಮಾಡ್ತಿದ್ದೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಾನು ದಾವಣಗೆರೆಯವಳು, 34 ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಕೆಲಸ. ಅಲ್ಲಿನ ಇನ್ಶೂರೆನ್ಸ್‌ನವರು ಕ್ಲೇಮ್ ತಿರಸ್ಕರಿಸಿದ್ರೆ ಕಾರಣ ಹುಡುಕಿ, ಸರಿ ಮಾಡಿ ಮತ್ತೆ ಕಳಿಸೋದು ನನ್ನ ಪಾಲು. ಒಂಬತ್ತು ವರ್ಷದಿಂದ ಇದನ್ನೇ ಮಾಡ್ತಿದೀನಿ, ಇಷ್ಟಪಟ್ಟೇ ಮಾಡ್ತಿದ್ದೆ. ಅಮ್ಮನಿಗೆ ಲಕ್ವ ಹೊಡೆದ ಮೇಲೆ ಊರಿಗೆ ಬಂದೆ, ಈಗ ಮನೆಯಿಂದಲೇ ಕೆಲಸ. ಸಂಜೆ ಐದೂವರೆಗೆ ಲಾಗಿನ್, ರಾತ್ರಿ ಎರಡೂವರೆಗೆ ಮುಗೀಬೇಕು.

ಈ ಯುಗಾದಿ ಆದ ಮೇಲೆ ಹೊಸ ಮ್ಯಾನೇಜರ್ ಬಂದ್ರು. ಮೇ ತಿಂಗಳಲ್ಲಿ ನಾನು ಮೂರು ಕ್ಲೇಮ್‌ಗೆ ತಪ್ಪು ಕೋಡ್ ಹಾಕಿ ಕಳಿಸಿಬಿಟ್ಟೆ. ತಪ್ಪು ನಂದೇ, ಒಪ್ಕೊಂಡೆ. ಅವತ್ತಿನಿಂದ ದಿನಾ ಟೀಮ್ ಕಾಲ್‌ನಲ್ಲಿ ಹದಿನಾಲ್ಕು ಜನರ ಮುಂದೆ ನನ್ನ ಶೀಟ್ ತೆರೆದು ಸಾಲು ಸಾಲಾಗಿ ಓದ್ತಾರೆ. ಎಲ್ಲರೂ ಹೋದ ಮೇಲೆ "ನೀವೊಬ್ರು ಲೈನಲ್ಲೇ ಇರಿ" ಅಂತಾರೆ. ಮತ್ತೆ ಬೆಳಿಗ್ಗೆ ಎಂಟಕ್ಕೆ ಫೋನು. ಆಗ ನಾನು ಮಲಗಿ ಐದು ಗಂಟೆ ಕೂಡ ಆಗಿರಲ್ಲ.

ಈಗ ಲ್ಯಾಪ್‌ಟಾಪ್‌ನಲ್ಲಿ ಕಾಲ್ ಬರೋ ಸದ್ದು ಕೇಳಿದ್ರೆ ಸಾಕು, ಕಾಲ್ಬೆರಳು ತಣ್ಣಗಾಗುತ್ತೆ. ಮೇಜಿನ ಮೇಲೆ ಒಂದು ಸ್ಟೀಲ್ ಚೊಂಬಲ್ಲಿ ನೀರಿಟ್ಕೊಂಡಿರ್ತೀನಿ, ಮಾತು ಮುಗಿಯೋ ತನಕ ಅದನ್ನ ಎರಡೂ ಕೈಲಿ ಹಿಡ್ಕೊಂಡಿರ್ತೀನಿ. ಆಮೇಲೆ ನೋಡಿದ್ರೆ ಅಂಗೈ ಮೇಲೆ ಚೊಂಬಿನ ಕಂಠದ ಗೆರೆ ಬಿದ್ದಿರುತ್ತೆ. ಪಕ್ಕದ ಮನೆ ಹುಡುಗನ ಮೊಬೈಲ್‌ನಲ್ಲಿ ಅದೇ ಥರದ ಸದ್ದು ಬಂದ್ರೂ ಹಂಗೇ ಆಗುತ್ತೆ. ಹೋದ ವಾರ ಅಮ್ಮನಿಗೆ ರಾತ್ರಿಯ ಬಿಪಿ ಮಾತ್ರೆ ಕೊಡೋದೇ ಮರೆತೆ. ಅವತ್ತು ನನಗೆ ನಿಜವಾಗ್ಲೂ ಹೆದರಿಕೆ ಆಯ್ತು.

ಒಂದು ಆ್ಯಪ್‌ನಲ್ಲಿ ಪ್ರಯತ್ನ ಮಾಡಿದೆ. 50 ನಿಮಿಷಕ್ಕೆ 1,400 ರೂಪಾಯಿ. ಆ ಹುಡುಗಿ ಬಹಳ ಸಮಾಧಾನವಾಗಿ ಮಾತಾಡಿದಳು, ಆದರೆ ಇಂಗ್ಲಿಷ್‌ನಲ್ಲಿ. ನನಗೆ ಇಂಗ್ಲಿಷ್ ಬರುತ್ತೆ, ದಿನಾ ರಾತ್ರಿ ಅಮೆರಿಕದವರ ಜೊತೆ ಅದರಲ್ಲೇ ಮಾತಾಡ್ತೀನಿ. ಆದರೆ "ಸಂಕಟ ಆಗುತ್ತೆ" ಅನ್ನೋದನ್ನ ಹೇಗೆ ಹೇಳೋದು ಅಂತ ತಿಳೀಲಿಲ್ಲ. "ಟೆನ್ಶನ್" ಅಂದುಬಿಟ್ಟೆ. ಅದು ಟೆನ್ಶನ್ ಅಲ್ಲ. ಮಾತು ಮುಗಿದಾಗ ಇನ್ಯಾರದೋ ಕಥೆ ಹೇಳಿ ಬಂದ ಹಾಗಿತ್ತು. ಎರಡನೇ ಸಲ ಬೇರೆ ಯಾರನ್ನೋ ಕೊಟ್ಟರು, ಮೊದಲಿಂದ ಎಲ್ಲಾ ಹೇಳಬೇಕಾಯ್ತು. ಮೂರನೇ ಸಲ ಬುಕ್ ಮಾಡಲಿಲ್ಲ.

ನನಗೆ ಬೇಕಾಗಿರೋದು ಕನ್ನಡದಲ್ಲಿ ಮಾತಾಡೋ, ಪ್ರತಿ ಸಲವೂ ಅವರೇ ಸಿಗೋ ಒಬ್ಬರು. ಅಂಥವರನ್ನ ಹುಡುಕೋದು ಹೇಗೆ? ಸರಿಯಾಗಿ ಓದಿದವರು ಅಂತ ಗೊತ್ತಾಗೋದು ಹೇಗೆ? ಕಂಪನಿಯವರೇ ಇಎಪಿ ಅಂತ ಉಚಿತ ಕೌನ್ಸೆಲಿಂಗ್ ಇಟ್ಟಿದಾರೆ, ಅಲ್ಲಿಗೆ ಹೋದ್ರೆ ಎಚ್‌ಆರ್‌ಗೆ ಗೊತ್ತಾಗುತ್ತಾ? ಇದಕ್ಕೆಲ್ಲ ಕಾಯಿಲೆ ಅಂತಾರಾ, ಇಲ್ಲ ನಾನೇ ಮೆತ್ತಗಾಗಿಬಿಟ್ಟೆನಾ? ಇನ್ನೊಂದು, ನಮ್ಮದು ಎರಡೇ ಕೋಣೆ ಮನೆ. ಅಮ್ಮನಿಗೆ ಮಾತು ತೊದಲುತ್ತೆ, ಕಿವಿ ಮಾತ್ರ ಚುರುಕು. ಈಗ ಮಳೆ ಬೇರೆ, ತಾರಸಿಗೂ ಹೋಗಕ್ಕಾಗಲ್ಲ. ಎಲ್ಲಿ ಕೂತು ಮಾತಾಡಲಿ?

ಹಾವೇರಿ_ಹುಡುಗ:

ಅಕ್ಕಾರ, ನಿಮ್ಮ ಚೊಂಬಿನ ಮಾತು ಓದಿ ಎದಿ ಝಲ್ ಅಂತು. ನಂದು ಬ್ಯಾಂಕ್ ನೌಕರಿ. ಸಾಲ ವಸೂಲಿ ಒಂದ್ ಕಡೆ, ಇನ್ಶೂರೆನ್ಸ್ ಟಾರ್ಗೆಟ್ ಒಂದ್ ಕಡೆ. ಸಂಜಿ ಆರಕ್ಕ ಮ್ಯಾಲಿನವರ ಕಾನ್ಫರೆನ್ಸ್ ಕಾಲ್ ಇರತೈತಿ. ಐದು ಹೊಡೀತಿದ್ದಂಗ ನನಗ ಹೊಟ್ಟಿ ಕೆಡತಿತ್ತು.

ಹೋದ ವರ್ಷ ಒಂದ್ ರಾತ್ರಿ ಎರಡಕ್ಕ ಅಡಗಿಮನಿ ನೆಲದ ಮ್ಯಾಲ ಕುಂತು 14416ಕ್ಕ ಫೋನ್ ಹಚ್ಚಿದೆ. ಟೆಲಿ ಮಾನಸ್ ಅಂತ ಮನಸಿನ ತೊಂದರಿಗೆ ಇರೋ ಸಹಾಯವಾಣಿ, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ಕ್ಕ ಶುರು ಮಾಡಿದ್ದು. ರೊಕ್ಕ ಇಲ್ಲ, ಇಪ್ಪತ್ನಾಕ್ ತಾಸು ಇರತೈತಿ. ಭಾಷಾ ಕೇಳತೈತಿ, ಕನ್ನಡ ಒತ್ತರಿ. ಆ ಕಡಿ ಇದ್ದ ಹೆಣ್ಮಗಳು ಎಲ್ಲಕ್ಕಿಂತ ಮೊದಲ ಕೇಳಿದ್ದು "ಊಟ ಆಗೇತೇನ್ರಿ?" ಅಂತ. ಆಗಿರ್ಲಿಲ್ಲ. ಅರ್ಧ ತಾಸು ಮಾತಾಡಿದ್ರು. ಆಮ್ಯಾಲ ನಮ್ಮ ಸರ್ಕಾರಿ ಆಸ್ಪತ್ರಿ ಮನೋವೈದ್ಯರನ್ನ ಕಾಣ್ರಿ ಅಂದ್ರು. ತಾಲ್ಲೂಕು ಆಸ್ಪತ್ರಿಗೆ ಮಂಗಳವಾರ ಮನೋವೈದ್ಯರು ಬರ್ತಾರ, ಮನೋಚೈತನ್ಯ ಅಂತ ಆ ಕಾರ್ಯಕ್ರಮದ ಹೆಸರು. ನಾ ಹೋದೆ. ಮೂರು ತಿಂಗಳು ಗುಳಿಗಿ ತಗೊಂಡೆ, ನಿದ್ದಿ ಬರಾಕ ಹತ್ತಿತು.

ಅದು ವಾರವಾರ ಒಬ್ಬರ ಹತ್ರನ ಮಾತಾಡೋ ಥೆರಪಿ ಅಲ್ರಿ, ಅದಕ್ಕ ಬ್ಯಾರೆ ಹುಡುಕಬೇಕು. ಆದ್ರ ಇವತ್ತ ರಾತ್ರಿ ತಡಕೊಳ್ಳಾಕ ಆಗಲಿಲ್ಲ ಅಂದ್ರ ಆ ನಂಬರ್ ಕೈಯಾಗ ಇರಲಿ.

ತುಂಗಾತೀರ:

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಶಿವಮೊಗ್ಗ. ಇಲ್ಲಿ ಹೆಸರು ಹೇಳಲ್ಲ, ನಿಮ್ಮನ್ನ ನನ್ನ ಹತ್ರ ಬನ್ನಿ ಅನ್ನೋದೂ ಸರಿಯಲ್ಲ. ಗೊತ್ತಿರೋದನ್ನ ಹೇಳ್ತೀನಿ.

"ಕೌನ್ಸೆಲರ್", "ಥೆರಪಿಸ್ಟ್", "ಕೋಚ್" ಅನ್ನೋ ಪದಗಳನ್ನ ಯಾರು ಬೇಕಾದ್ರೂ ಹಾಕ್ಕೊಂಡು ಕೂತಿರ್ತಾರೆ. ಒಳ್ಳೆಯವರು ಬಹಳ ಜನ ಇದಾರೆ, ಮೂರು ವಾರದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಬೇಕಾದ್ರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದ್ರೆ ಆರ್‌ಸಿಐನಲ್ಲಿ ನೋಂದಣಿ ಬೇಕು. ಸಾಮಾನ್ಯವಾಗಿ ಎಂಎ ಆದ ಮೇಲೆ ಎರಡು ವರ್ಷದ ಎಂಫಿಲ್ ಮಾಡಿರ್ತಾರೆ. ಅವರಿಗೊಂದು ಸಿಆರ್‌ಆರ್ ನಂಬರ್, ಅಂದ್ರೆ ಆ ನೋಂದಣಿಯ ನಂಬರ್ ಇರುತ್ತೆ, ಆರ್‌ಸಿಐ ವೆಬ್‌ಸೈಟ್‌ನಲ್ಲಿ ಹುಡುಕಿ ನೋಡಬಹುದು. ಫೋನಲ್ಲೇ ಆ ನಂಬರ್ ಕೇಳಿ. ಕೇಳಿದ್ದಕ್ಕೆ ಬೇಜಾರು ಮಾಡ್ಕೊಳ್ಳೋರನ್ನ ಬಿಟ್ಟುಬಿಡಿ. ಮನೋವೈದ್ಯರು ಎಂಬಿಬಿಎಸ್ ಮಾಡಿ ಆಮೇಲೆ ಎಂಡಿ ಅಥವಾ ಅಂಥದ್ದೇ ಓದು ಮುಗಿಸಿದವರು, ಮಾತ್ರೆ ಬರೆಯೋದು ಅವರು. ನಾವು ಬರೆಯಂಗಿಲ್ಲ.

ಕನ್ನಡದವರು ಬೇಕು ಅಂದ್ರೆ ಬರೀ ಆ್ಯಪ್‌ನಲ್ಲಿ ಹುಡುಕಬೇಡಿ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಓದಿದವರು ನಮ್ಮ ಜಿಲ್ಲೆಗಳಲ್ಲಿ ಸಣ್ಣ ಕ್ಲಿನಿಕ್ ಇಟ್ಟಿರ್ತಾರೆ, ಕೊರೊನಾ ಆದ ಮೇಲೆ ಆನ್‌ಲೈನೂ ನೋಡ್ತಾರೆ. ನಿಮ್ಮೂರಿನ ಮನೋವೈದ್ಯರ ಕ್ಲಿನಿಕ್‌ಗೆ ಫೋನ್ ಮಾಡಿ "ಕನ್ನಡದಲ್ಲಿ ಥೆರಪಿ ಮಾಡೋರು ಯಾರಿದಾರೆ" ಅಂತ ಕೇಳಿದ್ರೂ ಹೇಳ್ತಾರೆ.

ಬುಕ್ ಮಾಡೋ ಮುಂಚೆ ಹತ್ತು ನಿಮಿಷ ಮಾತಾಡಿ. ಪ್ರತಿ ಸಲ ನೀವೇ ಇರ್ತೀರಾ, ಆಫೀಸಿನ ತೊಂದರೆ ಹೊತ್ತು ಬಂದವರನ್ನ ಮೊದಲು ನೋಡಿದೀರಾ, ವಿಡಿಯೋ ಇಲ್ಲದೆ ಬರೀ ಆಡಿಯೋದಲ್ಲಿ ಆಗುತ್ತಾ ಅಂತ ಕೇಳಿ. ಆಮೇಲೆ ನಿಮ್ಮ ಆ "ಸಂಕಟ" ಅನ್ನೋ ಪದ ಹೇಳಿ ಸುಮ್ಮನಿರಿ. ಅವರು ತಿರುಗಿ ಏನು ಕೇಳ್ತಾರೆ ಅನ್ನೋದರಲ್ಲೇ ನಿಮಗೆ ಗೊತ್ತಾಗುತ್ತೆ.

ಕಾಯಿಲೆನಾ ಅಂತ ಕೇಳಿದ್ರಿ. ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್, ಅಂದ್ರೆ ಕೆಲಸದ ಒತ್ತಡದಿಂದ ಸೋತು ಬಸವಳಿಯೋದನ್ನ ಕಾಯಿಲೆ ಅಂತ ಪರಿಗಣಿಸಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ವಿದ್ಯಮಾನ ಅಂತ ಕರೆದಿದೆ. ಆದರೆ ನಿದ್ದೆ ಪೂರ್ತಿ ಹೋದ್ರೆ, ಊಟ ಸೇರದೆ ತೂಕ ಇಳಿದ್ರೆ, ಬದುಕೋದೇ ಬೇಡ ಅನ್ನಿಸಿದ್ರೆ ಆನ್‌ಲೈನ್ ಹುಡುಕ್ತಾ ಕೂರಬೇಡಿ, ಮನೋವೈದ್ಯರನ್ನ ನೋಡಿ. ಮೆತ್ತಗಾಗಿದೀನಾ ಅನ್ನೋ ಪ್ರಶ್ನೆಗೆ ನನ್ನ ಉತ್ತರ "ಇಲ್ಲ" ಅಂತಲೇ. ಮೂರು ತಿಂಗಳು ದಿನಾ ಹದಿನಾಲ್ಕು ಜನರ ಮುಂದೆ ನಿಲ್ಲಿಸಿದ್ರೆ ಯಾರ ಮೈಯಾದ್ರೂ ಹೀಗೇ ನಡ್ಕೊಳ್ಳುತ್ತೆ.

ಮಲ್ಲಿಗೆಪುರ:

ಸಾವಿರಾರು ರೂಪಾಯಿ ಕೊಟ್ಟು ಯಾರ ಹತ್ರನೋ ಮಾತಾಡೋ ಬದಲು ಆ ಕೆಲಸ ಬಿಡಿ ತಂಗಿ. ಒಂಬತ್ತು ವರ್ಷದ ಅನುಭವ ಇದೆ, ಬೇರೆ ಕಡೆ ಸಿಗುತ್ತೆ. ಥೆರಪಿಯಿಂದ ಮ್ಯಾನೇಜರ್ ಬದಲಾಗ್ತಾನಾ?

ಕುಂದವಾಡ_ಕೆರೆ:

ಅಣ್ಣ, ಒಳ್ಳೇದಕ್ಕೇ ಹೇಳ್ತಿದೀರಿ ಅಂತ ಗೊತ್ತು. ಮನೆ ಸಾಲದ ಕಂತು ಇದೆ, ವಾರಕ್ಕೆ ಮೂರು ದಿನ ಅಮ್ಮನ ಫಿಸಿಯೋಥೆರಪಿ ಇದೆ. ಪೂರ್ತಿ ಮನೆಯಿಂದ ಮಾಡೋ ಕೆಲಸ ಇವತ್ತು ಬಿಟ್ರೆ ನಾಳೆ ಸಿಗಲ್ಲ. ಎರಡು ಇಂಟರ್‌ವ್ಯೂಗೆ ಕೂತೆ. ಎರಡರಲ್ಲೂ ಕಾಲ್ ಕನೆಕ್ಟ್ ಆಗೋ ಸದ್ದಿಗೇ ಗಂಟಲು ಕಟ್ತು, ಗೊತ್ತಿರೋ ಉತ್ತರಾನೂ ಬರಲಿಲ್ಲ. ಬಿಟ್ಟು ಹೋಗಬೇಕು ಅಂದ್ರೂ ಮೊದಲು ನನ್ನ ಗಂಟಲು ಸರಿಯಾಗಬೇಕು.

ಎಚ್‌ಆರ್_ಬಸವನಗುಡಿ:

ಹನ್ನೊಂದು ವರ್ಷದಿಂದ ಎಚ್‌ಆರ್‌ನಲ್ಲಿದೀನಿ, ಇಎಪಿ ಬಗ್ಗೆ ಕಣ್ಣಾರೆ ಕಂಡಿದ್ದು ಹೇಳ್ತೀನಿ. ನಾನು ಕೆಲಸ ಮಾಡಿದ ಎರಡು ಕಡೆಯೂ ಇಎಪಿ ನಡೆಸೋ ಹೊರಗಿನ ಸಂಸ್ಥೆಯವರು ಮೂರು ತಿಂಗಳಿಗೊಮ್ಮೆ ಒಂದು ಶೀಟ್ ಕಳಿಸ್ತಿದ್ರು. ಎಷ್ಟು ಜನ ಫೋನ್ ಮಾಡಿದ್ರು, ಕೆಲಸದ ವಿಷಯ ಎಷ್ಟು, ಮನೆ ವಿಷಯ ಎಷ್ಟು, ಅಷ್ಟೇ. ಹೆಸರು ಇರ್ತಿರಲಿಲ್ಲ. ಎಲ್ಲಾ ಕಡೆ ಹಾಗೇ ಅಂತ ನಾನು ಮಾತು ಕೊಡಲ್ಲ. ಮೊದಲ ಕಾಲ್‌ನಲ್ಲೇ "ನನ್ನ ಹೆಸರು ಕಂಪನಿಯಲ್ಲಿ ಯಾರಿಗೆ ಹೋಗುತ್ತೆ, ಯಾವಾಗ ಹೋಗುತ್ತೆ" ಅಂತ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ಹಕ್ಕಾಗಿಯೇ ಇದೆ, ಜೀವಕ್ಕೆ ಅಪಾಯ ಇರೋಂಥ ಕೆಲವು ಸಂದರ್ಭ ಬಿಟ್ಟು. ನಮ್ಮಲ್ಲಿ ವರ್ಷಕ್ಕೆ ಆರೇ ಸೆಷನ್ ಇತ್ತು, ಅದನ್ನೂ ಕೇಳ್ಕೊಳ್ಳಿ.

ಒಂದು ಮಾತ್ರ ಖಂಡಿತ ಮಾಡಬೇಡಿ. ಆಫೀಸ್ ಲ್ಯಾಪ್‌ಟಾಪ್, ಆಫೀಸ್ ಮೇಲ್, ಆಫೀಸ್ ಕ್ಯಾಲೆಂಡರ್, ಯಾವುದನ್ನೂ ಇದಕ್ಕೆ ಮುಟ್ಟಬೇಡಿ. ಸ್ವಂತ ಫೋನು, ಸ್ವಂತ ಡೇಟಾ.

ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ ಇಡಿ. ತಾರೀಖು, ಗಂಟೆ, ಯಾರ್ಯಾರಿದ್ರು, ಅವರು ಆಡಿದ ಮಾತು ಇದ್ದ ಹಾಗೇ. ಮುಂದೆ ಮ್ಯಾನೇಜರ್‌ನ ಮೇಲಿನವರ ಹತ್ರ ಹೋಗಬೇಕಾದ್ರೆ "ತುಂಬಾ ಬೈತಾರೆ" ಅಂದ್ರೆ ನಿಲ್ಲಲ್ಲ, ನೋಟ್‌ಬುಕ್ ನಿಲ್ಲುತ್ತೆ. ಅವರ ಮಾತಿನಲ್ಲಿ ಲೈಂಗಿಕ ಧಾಟಿ ಏನಾದ್ರೂ ಇದ್ರೆ ಅದು ಬೇರೆಯೇ ದಾರಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಕಂಪನಿಯ ಆಂತರಿಕ ಸಮಿತಿಗೆ ಮೂರು ತಿಂಗಳ ಒಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಥೆರಪಿ ಮುಗೀಲಿ ಅಂತ ಕಾಯಬೇಡಿ.

ಕುಂದವಾಡ_ಕೆರೆ (ಆರು ವಾರ ಆದ ಮೇಲೆ):

ಎಲ್ಲರಿಗೂ ಹೇಳಬೇಕು ಅನ್ನಿಸ್ತು. ಲೈಂಗಿಕ ಧಾಟಿ ಏನಿಲ್ಲ ಮೇಡಂ, ಕೂಗಾಟ ಮಾತ್ರ. ನೋಟ್‌ಬುಕ್ ಇಟ್ಟಿದೀನಿ, ಹನ್ನೊಂದು ಪುಟ ಆಗಿದೆ.

ಇಲ್ಲಿನ ಒಂದು ಮನೋವೈದ್ಯರ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿದೆ, ರಿಸೆಪ್ಷನ್‌ನಲ್ಲಿದ್ದವರು ಮೂರು ಹೆಸರು ಕೊಟ್ಟರು. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು 2,000 ಅಂದ್ರು. ಮೂರನೆಯವರು ಧಾರವಾಡದ ಕಡೆಯವರು, 45 ನಿಮಿಷಕ್ಕೆ 900. ಸಿಆರ್‌ಆರ್ ನಂಬರ್ ಕೇಳಿದ್ದಕ್ಕೆ "ಒಳ್ಳೇದಾತು ಕೇಳಿದ್ರಿ" ಅಂತ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ರು. ನಾನು "ಸಂಕಟ ಆಗುತ್ತೆ" ಅಂದು ಸುಮ್ಮನಾದೆ. "ಬಾಯಾಗ ನೀರು ಬರೋ ಸಂಕಟ ಏನು, ಇಲ್ಲಾ ಎದಿ ಮ್ಯಾಲ ಯಾರೋ ಕುಂತಂಗ ಏನು?" ಅಂತ ಕೇಳಿದ್ರು. ಎರಡೂ ಅಂದೆ. ಅಷ್ಟು ಹೇಳೋದರೊಳಗೆ ಅಳು ಬಂತು. ಆ್ಯಪ್‌ನಲ್ಲಿ ಎರಡು ಸಲ ಮಾತಾಡಿದಾಗ ಒಂದು ಹನಿ ಬಂದಿರಲಿಲ್ಲ.

ಐದು ಸೆಷನ್ ಆಗಿದೆ. ಬೆಳಿಗ್ಗೆ ಎಂಟರ ಫೋನಿಂದ ಶುರು ಮಾಡಿದ್ರು. ಒಂದು ವಾರ ಹನ್ನೊಂದರ ತನಕ ಎತ್ತಬೇಡಿ, ಎತ್ತದಿದ್ರೆ ಏನಾಗುತ್ತೆ ಅಂತ ಹಿಂದಿನ ರಾತ್ರಿ ಬರೆದಿಡಿ, ನಿಜವಾಗಿ ಏನಾಯ್ತು ಅಂತ ಮಾರನೇ ದಿನ ಪಕ್ಕದಲ್ಲಿ ಬರೀರಿ ಅಂದ್ರು. ನಾನು ಬರೆದದ್ದು "ಕೆಲಸದಿಂದ ತೆಗೀತಾರೆ". ಸೋಮವಾರ ಮೂರು ಮಿಸ್ಡ್ ಕಾಲ್. ಹನ್ನೊಂದು ಹತ್ತಕ್ಕೆ ನಾನೇ ಮಾಡಿ, ಎರಡೂವರೆ ತನಕ ಕೆಲಸ ಮಾಡಿರ್ತೀನಿ ಸರ್, ತುರ್ತಿದ್ರೆ ಮೆಸೇಜ್ ಹಾಕಿ, ಎದ್ದ ತಕ್ಷಣ ನೋಡ್ತೀನಿ ಅಂದೆ. ಕೂಗಾಡಿದ್ರು. ಬುಧವಾರ ಮೆಸೇಜ್ ಬಂತು. ಶುಕ್ರವಾರ ಏನೂ ಬರಲಿಲ್ಲ. ಎಂಟು ಗಂಟೆ ನಿದ್ದೆ ಮಾಡಿದೆ, ಎಷ್ಟೋ ತಿಂಗಳ ಮೇಲೆ.

ಟೀಮ್ ಕಾಲ್ ಹಂಗೇ ಇದೆ. ಚೊಂಬು ಇನ್ನೂ ಬೇಕು. ಅದಕ್ಕೆ ಮುಂದೆ ಏನು ಮಾಡೋದು ಅಂತ ಈ ವಾರ ಮಾತಾಡ್ತೀವಿ.

ಎಲ್ಲಿ ಕೂರೋದು ಅಂತ ಕೇಳಿದ್ದೆನಲ್ಲ. ಸ್ಕೂಟಿ ತಗೊಂಡು ಕೆರೆ ಹತ್ರ ಹೋಗೋದು ಅಂದ್ಕೊಂಡಿದ್ದೆ, ಮಳೆ ಬಿಡಲಿಲ್ಲ. ಕೊನೆಗೆ ಅಮ್ಮನಿಗೆ ಹೇಳಿಬಿಟ್ಟೆ, ಗುರುವಾರ ಮೂರು ಗಂಟೆಗೆ ಡಾಕ್ಟರಮ್ಮನ ಹತ್ರ ಫೋನಲ್ಲಿ ಮಾತಾಡ್ತೀನಿ ಅಂತ. ಅಮ್ಮ ಏನೂ ಕೇಳಲಿಲ್ಲ. ಈಗ ಗುರುವಾರ ಮೂರಾಗುತ್ತಿದ್ದ ಹಾಗೆ ಅವಳೇ ಎಡಗೈಯಲ್ಲಿ ರಿಮೋಟ್ ಒತ್ತಿ ಟಿವಿ ಸೌಂಡ್ ಜಾಸ್ತಿ ಮಾಡ್ತಾಳೆ.

ಹಾವೇರಿ_ಹುಡುಗ:

ಅಕ್ಕಾರ, ಭಾಳ ಛಲೋ ಆತು. ನಾನೂ ಒಬ್ಬರನ್ನ ನೋಡೇನಿ, ಆದ್ರ ಆರ್‌ಸಿಐ ವೆಬ್‌ಸೈಟಿನ್ಯಾಗ ಅವರ ಹೆಸರು ಸಿಗವಲ್ದು. ಬಿಡಲೇನು?

ತುಂಗಾತೀರ:

ಈಗಲೇ ಬಿಡಬೇಡಿ. ಇನಿಷಿಯಲ್ ಮುಂದೆಯೋ ಹಿಂದೆಯೋ ಇರೋದು, ಮದುವೆ ಆದ ಮೇಲೆ ಹೆಸರು ಬದಲಾಗಿರೋದು, ಇಂಗ್ಲಿಷ್ ಸ್ಪೆಲಿಂಗ್ ಬೇರೆ ಇರೋದು ನಮ್ಮ ಕಡೆ ಮಾಮೂಲಿ. ಹೆಸರು ಬಿಟ್ಟು ಸಿಆರ್‌ಆರ್ ನಂಬರ್ ಕೇಳಿ, ಅದನ್ನೇ ಹಾಕಿ ನೋಡಿ. ನಂಬರ್ ಕೊಡಲ್ಲ ಅಂದ್ರೆ ಬೇರೆಯವರನ್ನ ಹುಡುಕಿ.